ಐಇಎಲ್‌ಟಿಎಸ್ ಲಿಸನಿಂಗ್: ಕೊನೇಲಿ ಎಲ್ರಿಗೂ 10 ನಿಮಿಷ ಸಿಗಲ್ಲ

ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ಐಇಎಲ್‌ಟಿಎಸ್ (ವಿದೇಶಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ) ಲಿಸನಿಂಗಲ್ಲಿ ಆಡಿಯೋ ಮುಗಿದ್ಮೇಲೆ ಆನ್ಸರ್ ತುಂಬೋಕೆ 10 ನಿಮಿಷ ಕೊಡ್ತಾರೆ, ತಪ್ಪು ಬರೆದ್ರೆ ಮಾರ್ಕ್ಸ್ ಕಟ್ ಅಂತ. ಅರ್ಧ ನಿಜ, ಅರ್ಧ ಬುರುಡೆ. ಆ 10 ನಿಮಿಷ ಪೇಪರ್ ಟೆಸ್ಟಿಗೆ ಮಾತ್ರ, ಕಂಪ್ಯೂಟರಲ್ಲಿ ಬರೆಯೋರು ಕೇಳ್ತಾ ಕೇಳ್ತಾನೇ ಟೈಪ್ ಮಾಡ್ಬೇಕು, ಕೊನೇಲಿ ಚೆಕ್ ಮಾಡೋಕೆ 2 ನಿಮಿಷ ಅಷ್ಟೇ, ಹಾಳೆ ಮೇಲೆ ಗೀಚ್ಕೊಂಡು ಆಮೇಲೆ ತುಂಬೋಣ ಅಂತ ಮನೇಲಿ ಪ್ರಾಕ್ಟೀಸ್ ಮಾಡಿದ್ರೆ ಅಲ್ಲಿ ಕೈ ಕೊಡುತ್ತೆ.

ನೆಗೆಟಿವ್ ಮಾರ್ಕಿಂಗ್ ಇಲ್ವೇ ಇಲ್ಲ, 40 ಪ್ರಶ್ನೇಲಿ ಒಂದನ್ನೂ ಖಾಲಿ ಬಿಡ್ಬೇಡಿ. ಆದ್ರೆ ಸ್ಪೆಲಿಂಗ್ ತಪ್ಪಿದ್ರೆ ಆ ಮಾರ್ಕ್ ಹೋಯ್ತು (ಬ್ರಿಟಿಷ್, ಅಮೆರಿಕನ್ ಎರಡೂ ಸ್ಪೆಲಿಂಗ್ ಓಕೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ). ಎರಡು ಪದ ಮೀರಬಾರದು ಅಂತಿದ್ದಾಗ ಮೂರು ಬರೆದ್ರೂ ಅದೇ ಗತಿ, ಉತ್ತರ ಸರಿಯಿದ್ರೂನೂ.

ಆಡಿಯೋ ಬೇರೆ ಒಂದೇ ಸಲ ಹಾಕೋದು. ಮೊದಲನೇ ಪಾರ್ಟಲ್ಲಿ ಫೋನ್ ನಂಬರ್ ಹೇಳ್ತಾ ಹೇಳ್ತಾ "ಸಾರಿ, ಕೊನೇದು ಸೆವೆನ್ ಅಲ್ಲ, ನೈನ್" ಅಂತ ತಿದ್ದಿಬಿಡೋದುಂಟು, ಸೆವೆನ್ ಕೇಳಿದ ತಕ್ಷಣ ಬರೆದು ಮುಂದಿನ ಪ್ರಶ್ನೆಗೆ ಕಣ್ಣು ಹಾಕ್ಬೇಡಿ, ಅವರ ಮಾತು ಪೂರ್ತಿ ಮುಗೀಲಿ.