ಕೀಲಿ ಕೈಯಲ್ಲಿ, ಸಾರು ಒಳಗೆ

ಅರಸೀಕೆರೆಯ ಕಲ್ಯಾಣ ಮಂಟಪವೊಂದರ ಹಿಂಬದಿಯಲ್ಲಿ, ಮೊದಲ ಪಂಕ್ತಿಗೆ ಕೋಸಂಬರಿ, ಪಲ್ಯಗಳ ಬಡಿಸುವಿಕೆ ಮುಗಿದು ಅನ್ನದ ಬುಟ್ಟಿ ಹೊರಟ ಹೊತ್ತಿಗೆ, ಸಾರಿನ ಕೊಳಗವನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ನಮ್ಮ ವ್ಯಾನು ತನ್ನ ಬಾಗಿಲುಗಳನ್ನು ತಾನೇ ಹಾಕಿಕೊಂಡಿತು. ಕೀಲಿ ನನ್ನ ಕೈಯಲ್ಲಿಯೇ ಇತ್ತು. ಗುಂಡಿ ಒತ್ತಿದೆ. ನಾಲ್ಕೂ ಇಂಡಿಕೇಟರುಗಳು ಕಣ್ಣು ಮಿಟುಕಿಸಿದವು. ವೈಪರು ಉರಿಬಿಸಿಲಿನಲ್ಲಿ ಒಣಗಾಜನ್ನು ಎರಡು ಬಾರಿ ಒರೆಸಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಒಳಗೆ ಎಲೆಯ ಮುಂದೆ ಮುನ್ನೂರು ಜನ ಅನ್ನಕ್ಕೆ ಗುಳಿ ಮಾಡಿಕೊಂಡು ಕುಳಿತಿದ್ದರು. ಅನ್ನಕ್ಕೆ ಗುಳಿ ಮಾಡಿಕೊಂಡವನಷ್ಟು ಅಸಹನೆಯ ಪ್ರಾಣಿಯನ್ನು ನನ್ನ ಇಪ್ಪತ್ತೆರಡು ವರ್ಷಗಳ ಅಡುಗೆ ಕಂಟ್ರಾಕ್ಟಿನ ಬಾಳಿನಲ್ಲಿ ನಾನು ಕಂಡಿಲ್ಲ.

ಕೊನೆಗೆ ಡ್ರೈವರ್ ಬದಿಯ ಬಾಗಿಲಿಗೆ ಕೀಲಿ ತೂರಿಸಿ ತಿರುಗಿಸಿದಾಗ ಅದೊಂದು ತೆರೆಯಿತು. ನಮ್ಮ ಹುಡುಗರಲ್ಲಿ ಇಬ್ಬರು ಸೀಟುಗಳ ನಡುವೆ ನುಸುಳಿ, ಕೊಳಗವನ್ನು ಗೇರಿನ ಮೇಲಿಂದ ಎತ್ತಿ, ಮಗುವನ್ನು ಕಿಟಕಿಯಿಂದ ಕೊಡುವವರ ಹಾಗೆ ಹೊರಕ್ಕೆ ದಾಟಿಸಿದರು. ಅರ್ಧ ಸೌಟಿನಷ್ಟು ಸಾರು ಗೇರಿನ ಬುಡಕ್ಕೆ ಚೆಲ್ಲಿತು. ಆ ಅರ್ಧ ಸೌಟು ಸಾರು ಮುಂದೆ ನನ್ನ ಮೇಲೆಯೇ ಸಾಕ್ಷಿ ನುಡಿಯಿತು. ಈ ಪ್ರಕರಣದಿಂದ ನನಗೆ ಹೊಳೆದ ಒಂದು ದೊಡ್ಡ ವಿಚಾರವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಊರಿನ ಎಲೆಕ್ಟ್ರಿಷಿಯನ್ ಭಾಯ್ ಅವರ ಅಂಗಡಿಗೆ ಮರುದಿನ ಗಾಡಿಯನ್ನು ಒಯ್ದೆ. ಫ್ಯೂಸುಗಳನ್ನು ಒಂದೊಂದಾಗಿ ನೋಡಿದ ಬಳಿಕ ಅವರು ಬ್ಯಾಟರಿಯ ತಂತಿಗೆ ಮೀಟರು ಜೋಡಿಸಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಮುಕ್ಕಾಲು ಗಂಟೆ ಕಾಯಿಸಿದರು. ಬಾಗಿಲು ಹಾಕಿ ನಿಂತ ಗಾಡಿ 50 ಮಿಲಿ ಆಂಪಿಯರಿನ ಒಳಗೆ ಕರೆಂಟು ಎಳೆಯಬೇಕು. ನಮ್ಮದು 400 ಎಳೆಯುತ್ತಿತ್ತು. ಮೂರು ದಿನ ಕೆಲಸವಿಲ್ಲದೆ ನಿಂತರೆ ಸೆಲ್ಫ್ ಹೊಡೆಯದೆ, ಹುಡುಗರೆಲ್ಲ ಸೇರಿ ನೂಕಬೇಕಾಗುತ್ತಿದ್ದ ರಹಸ್ಯ ಆಗ ಬಯಲಾಯಿತು. "ಬಿಸಿಎಂ ಮಲಗ್ತಾ ಇಲ್ಲ ಸ್ವಾಮಿ, ಬಾಗಿಲು ತೆರೆದಿದೆ ಅಂತ ರಾತ್ರಿಯೆಲ್ಲ ಕಾಯ್ತಾ ಕೂತಿರುತ್ತೆ" ಎಂದರು ಭಾಯ್. ಬಿಸಿಎಂ ಎಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್, ಗಾಡಿಯ ಬಾಗಿಲು, ದೀಪ, ವೈಪರುಗಳನ್ನು ಆಳುವ ಕಂಪ್ಯೂಟರ್ ಪೆಟ್ಟಿಗೆ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಒಂದಕ್ಕೊಂದು ಹೊಸೆದುಕೊಂಡಿದ್ದ ಎರಡು ತಂತಿಗಳ ನಡುವೆ ಅಳೆದು, 60 ಓಮ್ ಬಂದುದನ್ನು ತೋರಿಸಿ, ತಂತಿಗಳು ನೆಟ್ಟಗಿವೆ, ಕೆಟ್ಟಿರುವುದು ಪೆಟ್ಟಿಗೆಯೇ ಎಂದು ತೀರ್ಪು ಕೊಟ್ಟರು. ಗಾಡಿಯೊಳಗಿನ ಇಂಥ ಪೆಟ್ಟಿಗೆಗಳು ಒಂದರೊಡನೊಂದು ಮಾತಾಡಿಕೊಳ್ಳುವ, ಕ್ಯಾನ್ ಎಂಬ ಹೆಸರಿನ ಆ ಎರಡು ತಂತಿಗಳ ಏರ್ಪಾಡನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟಿತಂತೆ.

1986 ಎಂದ ಕೂಡಲೇ ನನಗೆ ನಮ್ಮ ತಂದೆಯ ಮಟಾಡೋರ್ ನೆನಪಾಗುತ್ತದೆ. ಜರ್ಮನಿಯವರು ಎರಡೇ ತಂತಿಗಳಲ್ಲಿ ಇಡೀ ಗಾಡಿಯ ಮಾತುಕತೆಯನ್ನು ಸಾಗಿಸುವ ಉಪಾಯ ಹೇಳುತ್ತಿದ್ದ ಕಾಲಕ್ಕೆ, ನಮ್ಮ ಮಟಾಡೋರಿನ ಡ್ಯಾಶ್‌ಬೋರ್ಡಿನ ಮೇಲೆ, ಮನೆಯ ಗೋಡೆಗೆ ಹಾಕುವಂಥ ಕಪ್ಪು ಬೇಕಲೈಟಿನ ಐದು ಸ್ವಿಚ್ಚುಗಳನ್ನು ಒಂದು ಹಲಗೆಗೆ ಹೊಡೆದು ಕೂರಿಸಲಾಗಿತ್ತು. ಮೊದಲನೆಯದು ದೊಡ್ಡ ದೀಪಕ್ಕೆ. ಎರಡನೆಯದು ವೈಪರಿಗೆ, ಆದರೆ ಮೂರನೆಯದನ್ನೂ ಜೊತೆಯಲ್ಲಿ ಹಾಕಿದರೆ ಮಾತ್ರ. ನಾಲ್ಕನೆಯದನ್ನು ಯಾರೂ ಮುಟ್ಟಬಾರದಾಗಿತ್ತು. ಐದನೆಯದಕ್ಕೆ ಯಾವ ಕೆಲಸವೂ ಇರಲಿಲ್ಲ. ಹಲಗೆಯಲ್ಲಿ ಜಾಗ ಉಳಿದಿದ್ದರಿಂದ ಹಾಕಿದ್ದರು. ಹಾರ್ನಿಗೆ ಸ್ವಿಚ್ಚಿನ ಯೋಗವೂ ಇರಲಿಲ್ಲ. ಸ್ಟೀರಿಂಗಿನ ಪಕ್ಕದಲ್ಲಿ ತುದಿ ಸುಲಿದ ಎರಡು ತಂತಿಗಳು ತೂಗುತ್ತಿದ್ದವು, ಅವುಗಳನ್ನು ತಾಗಿಸಿದರೆ ಒಂದು ಕಿಡಿಯೂ ಒಂದು ಕೂಗೂ ಒಟ್ಟಿಗೆ ಹೊರಡುತ್ತಿದ್ದವು. ಈ ವ್ಯವಸ್ಥೆಯನ್ನು ಬಲ್ಲವನು ಲೋಕದಲ್ಲಿ ಒಬ್ಬನೇ, ನಮ್ಮ ಡ್ರೈವರಣ್ಣ. ಅವನ ತಂಗಿಯ ಮದುವೆಗೆಂದು ಒಂದು ವಾರ ರಜೆ ಹೋದಾಗ, ತಂದೆಯವರು ಚನ್ನರಾಯಪಟ್ಟಣದ ಗೃಹಪ್ರವೇಶವೊಂದಕ್ಕೆ ತಾವೇ ಗಾಡಿ ಹೊಡೆದುಕೊಂಡು ಹೊರಟರು. ದಾರಿಯಲ್ಲಿ ಮಳೆ ಹಿಡಿಯಿತು. ಎರಡನೆಯ ಸ್ವಿಚ್ಚು ಹಾಕಿದರು, ಏನೂ ಆಗಲಿಲ್ಲ. ನಾಲ್ಕನೆಯದನ್ನು ಹಾಕಿದರು. ಗಾಡಿಯ ದೀಪಗಳೆಲ್ಲ ಆರಿ, ಸ್ವಿಚ್ಚಿನ ಹಿಂದಿನಿಂದ ಹೊಗೆ ಬಂತು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಪುರೋಹಿತರು ತಮ್ಮ ಪಂಚಪಾತ್ರೆಯ ನೀರನ್ನೇ ಅದಕ್ಕೆ ಪ್ರೋಕ್ಷಿಸಿದರು. ಉಳಿದ ದಾರಿಯನ್ನು ಇಬ್ಬರೂ, ಒಬ್ಬರು ಸ್ಟೀರಿಂಗ್ ಹಿಡಿದು, ಇನ್ನೊಬ್ಬರು ಕಿಟಕಿಯಿಂದ ಬ್ಯಾಟರಿ ದೀಪ ಹೊರಚಾಚಿ, ಹೋಮ ಮಾಡುವವರ ಏಕಾಗ್ರತೆಯಿಂದ ಮುಗಿಸಿದರು. ತಂದೆಯವರು ಅಲ್ಲಿಂದಲೇ ಡ್ರೈವರಣ್ಣನ ಊರಿಗೆ ತಂತಿ ಕೊಟ್ಟರು. ಅವನು ಮದುವೆಯ ಬೀಗರೂಟ ಮುಗಿಸಿಕೊಂಡೇ ಬಂದನು.

ಹಳೆಯ ಗಾಡಿಗಳೇ ಚೆನ್ನಾಗಿದ್ದವು, ಆಗೆಲ್ಲ ಒಂದು ಸ್ಕ್ರೂಡ್ರೈವರಿನಲ್ಲಿ ಕೆಲಸ ಮುಗಿಯುತ್ತಿತ್ತು ಎಂದು ನಿಟ್ಟುಸಿರು ಬಿಡುವವರನ್ನು ಕಂಡರೆ ಆದ್ದರಿಂದಲೇ ನನಗೆ ರೇಗುತ್ತದೆ. ಆ ಸ್ಕ್ರೂಡ್ರೈವರನ್ನು ಹಿಡಿದವರು ಇವರಾಗಿರಲಿಲ್ಲ. ಡ್ರೈವರಣ್ಣನೇ ಆ ಕಾಲದ ಬಿಸಿಎಂ. ಅವನಿಗೆ ಬೀಡಿ ಬೇಕಿತ್ತು, ರಜೆ ಬೇಕಿತ್ತು, ಹಬ್ಬಕ್ಕೆ ಪಂಚೆ ಬೇಕಿತ್ತು. ಅವನಲ್ಲಿ ನನಗೆ ಮೆಚ್ಚಿಕೆಯಾಗುವ ಗುಣ ಒಂದೇ: ತನಗೆ ತಿಳಿಯದ್ದನ್ನು ಗಿರಾಕಿಯ ತಪ್ಪೆಂದು ಅವನು ಎಂದೂ ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಲಿಲ್ಲ.

ಹಾಸನದ ಸರ್ವೀಸ್ ಸೆಂಟರಿನಲ್ಲಿ ನನಗೆ ಒದಗಿದ್ದು ಅದೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಪೆಟ್ಟಿಗೆ ಸಿಕ್ಕೀತು, ಆದರೆ ಅದು ಬೇರೆ ಗಾಡಿಯ ಸಂಸಾರ ಮಾಡಿದ್ದು, ನಿಮ್ಮದಕ್ಕೆ ಒಗ್ಗದು ಎಂದು ಭಾಯ್ ಎಚ್ಚರಿಸಿದ್ದರಿಂದ ಅಲ್ಲಿಗೆ ಹೋಗಿದ್ದೆ. ನಗುಮುಖದ ಹುಡುಗನೊಬ್ಬ ಗಾಡಿಯೊಳಗೆ ತಲೆ ಹಾಕಿ, ಮೂಗು ಅರಳಿಸಿ, ಜಾಬ್ ಕಾರ್ಡಿನಲ್ಲಿ "ಒಳಗೆ ದ್ರವ ಪದಾರ್ಥ ಚೆಲ್ಲಿದೆ" ಎಂದು ಬರೆದನು. ವಾರಂಟಿ ಅಲ್ಲಿಗೆ ತೀರಿತು. ಸಾರು ಚೆಲ್ಲಿದ್ದು ಬಾಗಿಲು ತೆರೆಯದಿದ್ದುದರಿಂದ, ಬಾಗಿಲು ತೆರೆಯದಿದ್ದುದು ಸಾರು ಚೆಲ್ಲಿದ್ದರಿಂದಲ್ಲ ಎಂದು ನಾನು ಅವನಿಗೂ, ಅವನ ಮೇಲಿನವನಿಗೂ, ಗಾಜಿನ ಕೋಣೆಯೊಳಗಿನ ಮೂರನೆಯವರಿಗೂ ಹೇಳಿದೆ. ಮೂವರೂ "ಅರ್ಥವಾಯಿತು ಸರ್" ಎಂದರು. ನನ್ನ ಅನುಭವದಲ್ಲಿ, ಅರ್ಥವಾಯಿತು ಸರ್ ಎಂದರೆ ಮುಂದೆ ಹೇಳಬೇಡಿ ಎಂದರ್ಥ. ಗೇರಿನ ಬುಡದಲ್ಲಿ ಇಂಗು ಘಮಘಮಿಸುತ್ತಿದ್ದುದು ನನ್ನ ವಾದಕ್ಕೆ ಯಾವ ಸಹಾಯವನ್ನೂ ಮಾಡಲಿಲ್ಲ.

ಹೊಸ ಪೆಟ್ಟಿಗೆ ಬರಲು ಹನ್ನೊಂದು ದಿನಗಳಾದವು. ಬಂದ ಮೇಲೆ ಅದನ್ನು ಕೂರಿಸುವುದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಗಾಡಿಗೂ ಅದಕ್ಕೂ ಪರಿಚಯ ಮಾಡಿಸುವುದಕ್ಕೆ ಇಡೀ ದಿನ. ನಾನು 18,400 ರೂಪಾಯಿ ಎಣಿಸಿಕೊಟ್ಟು ಕೊಂಡ ವಸ್ತು, ನನ್ನದೇ ಗಾಡಿಯಲ್ಲಿ, ಕಂಪನಿಯ ಕಂಪ್ಯೂಟರು ಎಲ್ಲಿಂದಲೋ ಹೂಂ ಎನ್ನುವ ತನಕ ಒಂದು ದೀಪವನ್ನೂ ಬೆಳಗಿಸುವುದಿಲ್ಲವಂತೆ. ಲ್ಯಾಪ್‌ಟಾಪಿನವನು ಬ್ಯಾಟರಿಗೆ ಚಾರ್ಜರ್ ಹಾಕಿ, ಚಾಸಿಯ ಹದಿನೇಳು ಅಕ್ಷರಗಳ ನಂಬರನ್ನು ಫೋನಿನಲ್ಲಿ ಯಾರಿಗೋ ಓದಿ ಹೇಳತೊಡಗಿದನು. ಸೊನ್ನೆಯನ್ನು ಪ್ರತಿ ಸಲವೂ "ಓ" ಎನ್ನುತ್ತಿದ್ದನು. ಒಂದು, ಸೊನ್ನೆಗಳೊಂದಿಗೆ ಗೊಂದಲವಾಗಬಾರದೆಂದೇ ಆ ನಂಬರುಗಳಲ್ಲಿ ಐ, ಓ, ಕ್ಯೂ ಎಂಬ ಅಕ್ಷರಗಳನ್ನು ಬಳಸುವುದಿಲ್ಲ. ಇದನ್ನು ಅವನಿಗೆ ತಿಳಿಸಿದೆ. "ಅರ್ಥವಾಯಿತು ಸರ್" ಎಂದು ಮತ್ತೆ ಓ ಎಂದನು. ಆಮೇಲೆ ಎರಡನೆಯ ಕೀಲಿಯನ್ನು ಕೇಳಿದನು. ಎರಡನೆಯ ಕೀಲಿ ಮೈಸೂರಿನಲ್ಲಿ, ಎರಡು ವರ್ಷಗಳ ಹಿಂದೆ ಗಾಡಿಯನ್ನು ಒಂದು ದಿನಕ್ಕೆಂದು ಒಯ್ದಿದ್ದ ನನ್ನ ತಮ್ಮನ ಜೇಬಿನಲ್ಲಿ ಇತ್ತು. ಎರಡೂ ಕೀಲಿಗಳನ್ನು ಒಂದೇ ಸಲ ಗುರುತಿಸಬೇಕು, ಇಲ್ಲದಿದ್ದರೆ ಬಿಟ್ಟ ಕೀಲಿ ಪರಕೀಯವಾಗುತ್ತದೆ ಎಂದರು. ತಮ್ಮ ಮಧ್ಯಾಹ್ನದ ರೈಲಿನಲ್ಲಿ ಬಂದನು, ಕೀಲಿ ಕೊಟ್ಟನು, ಗಾಡಿ ಇಷ್ಟು ಚೆನ್ನಾಗಿದೆಯಲ್ಲ ಅಣ್ಣ, ಮುಂದಿನ ತಿಂಗಳು ಎರಡು ದಿನಕ್ಕೆ ಬೇಕಿತ್ತು ಎಂದನು.

ಸಂಜೆ ಹಳೆಯ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. ಅದರ ಪಿನ್ನುಗಳ ಮೇಲೆ, ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟಾಗ ಬರುವಂಥ ಹಸಿರು ಕಿಲುಬು ಹಿಡಿದಿತ್ತು. ಕಿಲುಬನ್ನು ನಾನು ಬಲ್ಲೆ. ಹದಿನೈದು ದಿನದ ಸಾರು ಅಂಥದ್ದನ್ನು ಬೆಳೆಸಲಾರದು, ಇದು ಹಲವು ಮಳೆಗಾಲಗಳ ಕೃಷಿ. ಜಯದ ಧ್ವನಿಯಲ್ಲಿ ಅದನ್ನು ಹೇಳಿದೆ. ಆಗ ಆ ನಗುಮುಖದ ಹುಡುಗ ಒಪ್ಪಿದನು. ಒಪ್ಪಿ, ಒಂದು ಪ್ಲಾಸ್ಟಿಕ್ ಚೀಲವನ್ನು ಮುಂದೆ ಚಾಚಿದನು. ಅದರ ತುಂಬ ಕೊಳೆತ ಹೊಂಗೆ ಎಲೆಗಳು. ಮುಂದಿನ ಗಾಜಿನ ಕೆಳಗಿನ ನೀರು ಹೋಗುವ ತೂಬನ್ನು ಅವು ಮುಚ್ಚಿದ್ದವಂತೆ, ನೀರು ಒಳಕ್ಕೆ ತಿರುಗಿ ಪೆಟ್ಟಿಗೆಯ ಮೇಲೆ ತೊಟ್ಟಿಕ್ಕಿತ್ತಂತೆ. "ಗಾಡಿಯನ್ನು ಮರದ ಕೆಳಗೆ ನಿಲ್ಲಿಸ್ತೀರಾ ಸರ್?" ಎಂದು ಕೇಳಿದನು.

ಆ ದೊಡ್ಡ ವಿಚಾರವನ್ನು ಹೇಳಬೇಕಾದ ಜಾಗ ಇದೇ ಇತ್ತು. ಆದರೆ ಮನೆ ತಲುಪಿದಾಗ ಹೆಂಡತಿ ಚೀಲದಲ್ಲಿ ಏನೆಂದು ಕೇಳಿದಳು, ಹೇಳಿದೆ. ಇನ್ನಾದರೂ ಗಾಡಿಯನ್ನು ಆಚೆ ಬಯಲಿನಲ್ಲಿ ನಿಲ್ಲಿಸಬಾರದೇ ಎಂದಳು. ಬಯಲಿನಲ್ಲಿ ನಿಲ್ಲಿಸಿದರೆ ಬೆಳಿಗ್ಗೆ ತುಂಬಿದ ಮೊಸರು ಹನ್ನೊಂದು ಗಂಟೆಗೆ ಹುಳಿಯಾಗುತ್ತದೆ, ಹೊಂಗೆಯ ನೆರಳಿನ ತಂಪು ಬೇರೆ ಯಾವ ಮರಕ್ಕೂ ಇಲ್ಲ, ಮರ ನೆಟ್ಟವರು ನಮ್ಮ ತಂದೆ ಎಂದೆಲ್ಲ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. "ಅರ್ಥವಾಯ್ತು" ಎಂದು ಅವಳು ಒಳಗೆ ಹೋದಳು. ನಾನು ಚೀಲದ ಎಲೆಗಳನ್ನು ಮರದ ಬುಡಕ್ಕೇ ಸುರಿದು, ಗಾಡಿಯನ್ನು ರಿವರ್ಸ್ ತೆಗೆದುಕೊಂಡು ಅದೇ ನೆರಳಿಗೆ ನಿಲ್ಲಿಸಿದೆ.