ಚಿಕ್ಕಮ್ಮನ ಪಾಸ್‌ವರ್ಡ್ ಸರಿಯಾಗೇ ಇತ್ತು

ಈಗಷ್ಟೇ ಚಿಕ್ಕಮ್ಮನ ಲ್ಯಾಪ್‌ಟಾಪ್ ಮುಚ್ಚಿಟ್ಟು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ಮೇಲ್ ಆಪ್ ಹಾಕಿಕೊಂಡಿದ್ದರು. ವಿಳಾಸ ಕೊಟ್ಟರು, ಪಾಸ್‌ವರ್ಡ್ ಕೊಟ್ಟರು. ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದಿತು ಆಪ್. ಮತ್ತೆ ಹೊಡೆದರು. ಮತ್ತೆ ಅದೇ. ನಾನು ಹೋಗುವಷ್ಟರಲ್ಲಿ ಮೂರು ಸಲ ಪಾಸ್‌ವರ್ಡ್ ಬದಲಾಯಿಸಿದ್ದರು. ಫೋನಿನಲ್ಲಿ ಸರಿಯಾಗಿ ಬರುತ್ತಿದ್ದ ಇಮೇಲ್ ಕೂಡ ನಿಂತುಹೋಗಿತ್ತು. ‘ನನಗೆ ಮರೆವು ಜಾಸ್ತಿ ಆಗ್ತಿದೆ ಕಣೋ’ ಎಂದರು. ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು.

ಪಾಸ್‌ವರ್ಡ್ ತಪ್ಪಾಗಿರಲೇ ಇಲ್ಲ. ಬೇರೆ ಆಪ್‌ಗಳಿಂದ ಬರೀ ಪಾಸ್‌ವರ್ಡ್ ಬಂದರೆ ಅವರ ಮೇಲ್ ಕಂಪನಿಯ ಸರ್ವರ್ ಒಪ್ಪುವುದಿಲ್ಲ, ಅಷ್ಟೇ. ಈಗ ದೊಡ್ಡ ಮೇಲ್ ಕಂಪನಿಗಳದ್ದೆಲ್ಲ ಹೆಚ್ಚುಕಡಿಮೆ ಇದೇ ಕ್ರಮ. ಜಿಮೇಲ್‌ನ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ಬಂತು, ಔಟ್‌ಲುಕ್ ಡಾಟ್ ಕಾಮ್‌ಗೆ 2024ರ ಸೆಪ್ಟೆಂಬರ್ 16ರಿಂದ. ಬ್ರೌಸರ್ ಕಿಟಕಿಯಲ್ಲಿ ಲಾಗಿನ್ ಆಗಿ ಆಪ್‌ಗೆ ಅನುಮತಿ ಕೊಡಬೇಕು. ಆಪ್‌ಗೆ ಆ ದಾರಿ ಗೊತ್ತಿಲ್ಲದಿದ್ದರೆ, ಜಿಮೇಲ್‌ನಲ್ಲಾದರೆ ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ‘ಆಪ್ ಪಾಸ್‌ವರ್ಡ್’, ಅಂದರೆ ಆ ಆಪ್‌ಗೆಂದೇ ಕೊಡುವ ಬೇರೆ ಪಾಸ್‌ವರ್ಡ್, ಪಡೆದು ಅದನ್ನು ಹಾಕಬೇಕು. ಆಮೇಲೆ ಮುಖ್ಯ ಪಾಸ್‌ವರ್ಡ್ ಬದಲಿಸಿದಿರೋ, ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದು. ಅಂದರೆ ‘ತಪ್ಪು’ ಎಂಬ ಮಾತು ನಂಬಿ ಬದಲಿಸಿದಷ್ಟೂ ಕೆಲಸ ಕೆಡುತ್ತದೆ.

ಈ ಕ್ರಮದ ಬಗ್ಗೆ ನನ್ನ ತಕರಾರಿಲ್ಲ. ಒಳ್ಳೆಯದೇ. ತಕರಾರು ಆ ಒಂದು ಸಾಲಿನ ಬಗ್ಗೆ. ‘ಈ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ, ಆಪ್ ಪಾಸ್‌ವರ್ಡ್ ಬೇಕು’ ಎನ್ನಲು ಏನು ಕಷ್ಟ?

ಕಾರಣ ಬಿಡಿಸಿ ಹೇಳಿದರೆ ಕಳ್ಳರಿಗೆ ಅನುಕೂಲ ಎನ್ನುತ್ತಾರೆ. ನಾನೂ ಕಂಪ್ಯೂಟರ್ ಕೆಲಸದಲ್ಲೇ ಇರುವವನು, ಈ ವಾದ ತುಂಬಾ ಕೇಳಿದ್ದೇನೆ. ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಅಂತ ಹೇಳಬಾರದು, ಒಪ್ಪಿದೆ. ಆದರೆ ‘ಈ ಬಾಗಿಲು ಮುಚ್ಚಿದೆ, ಆ ಕಡೆ ಬನ್ನಿ’ ಎಂದರೆ ಕಳ್ಳನಿಗೆ ಸಿಗುವುದೇನು? ಎಷ್ಟೋ ಸಲ ಸರ್ವರ್ ಕಾರಣ ಹೇಳಿಯೇ ಇರುತ್ತದೆ. ಮೇಲ್ ತರಿಸಿಕೊಳ್ಳಲು ಆಪ್ ಮತ್ತು ಸರ್ವರ್ ಮಾತಾಡುವ ಭಾಷೆ ಐಮ್ಯಾಪ್. ಅದರಲ್ಲಿ ಇದಕ್ಕೆಂದೇ ‘ಅಲರ್ಟ್’ ಎಂಬ ಸೂಚನೆಯಿದೆ. ಅದರ ಜೊತೆ ಬಂದ ಮಾತನ್ನು ಬಳಸುವವರ ಕಣ್ಣಿಗೆ ಬೀಳುವಂತೆ ತೋರಿಸಲೇಬೇಕು ಎಂದು 2003ರ ಐಮ್ಯಾಪ್ ನಿಯಮದಲ್ಲೇ ಬರೆದಿದೆ. ಚಿಕ್ಕಮ್ಮನ ಆಪ್‌ನ ಲಾಗ್, ಅಂದರೆ ನಡೆದದ್ದನ್ನೆಲ್ಲ ಅದು ಬರೆದಿಡುವ ದಾಖಲೆ, ತೆಗೆದು ನೋಡಿದೆ. ಸರ್ವರ್ ಕಳಿಸಿದ ಸಾಲು ಅಲ್ಲೇ ಇತ್ತು, ಸ್ಪಷ್ಟವಾಗಿ. ಆಪ್ ಅದನ್ನು ನುಂಗಿಕೊಂಡು ಚಿಕ್ಕಮ್ಮನ ಮೇಲೆ ತಪ್ಪು ಹೊರಿಸಿತ್ತು.

ಆಪ್ ಪಾಸ್‌ವರ್ಡ್ ಹಾಕಿದ ಮೇಲೆ ಮೇಲ್ ಬಂತು, ಆದರೆ ಕಳಿಸಿದ್ದು ಹೋಗಲಿಲ್ಲ. ಮೇಲ್ ಕಳಿಸುವ 587ನೇ ಪೋರ್ಟ್‌ಗೆ (ಸರ್ವರ್‌ನ ಬಾಗಿಲಿನ ಸಂಖ್ಯೆ ಎನ್ನಿ) ಸ್ಟಾರ್ಟ್‌ಟಿಎಲ್‌ಎಸ್ ಬದಲು ಎಸ್‌ಎಸ್‌ಎಲ್ ಆಯ್ಕೆಯಾಗಿತ್ತು; ಎರಡೂ ಮಾತುಕತೆಯನ್ನು ಗುಟ್ಟಾಗಿಡುವ ಬೇರೆ ಬೇರೆ ವಿಧಾನಗಳು. ಎಸ್‌ಎಸ್‌ಎಲ್ ಬೇಕೆಂದರೆ 465. ಎರಡು ನಿಮಿಷದ ಕೆಲಸ. ಅಲ್ಲೂ ಆಪ್ ಕೇಳಿದ್ದು ಪಾಸ್‌ವರ್ಡನ್ನೇ!

ಒಂದು ಮಾತು ಹೇಳಿಬಿಡುತ್ತೇನೆ. ಹೋದ ತಕ್ಷಣ ನಾನೂ ಕೇಳಿದ್ದು ಅದನ್ನೇ: ‘ಸರಿಯಾಗಿ ಟೈಪ್ ಮಾಡಿದ್ರಾ? ಕ್ಯಾಪ್ಸ್ ಲಾಕ್ ಆನ್ ಇತ್ತಾ?’ ಅವರು ಸುಮ್ನೆ ತಲೆ ತಗ್ಗಿಸಿದರು. ಅದು ಇನ್ನೂ ಚುಚ್ಚುತ್ತಿದೆ.

ಹೊರಡುವಾಗ ಡೈರಿ ತೋರಿಸಿದರು. ಮೂರು ಪಾಸ್‌ವರ್ಡ್ ಬರೆದು ಹೊಡೆದುಹಾಕಿದ್ದರು. ‘ಹಾಗಾದ್ರೆ ಮೊದಲನೇದೇ ಸರಿ ಇತ್ತಾ?’ ಎಂದರು.

‘ಸರಿ ಇತ್ತು ಚಿಕ್ಕಮ್ಮ’ ಎಂದೆ. ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲ ಹೇಳಿದೆ.