ಬ್ಯಾಟರಿ ಕೊಳ್ಳುವ ಮೊದಲು ಬಿಲ್ ನೋಡಿ

ನಿನ್ನೆ ಶಿರಸಿ ಸಮೀಪದ ಅಕ್ಕನ ಮನೆಯಲ್ಲಿದ್ದೆ. ಹೋದ ವರ್ಷ ಭಾವ ಅಲ್ಲಿ ಸೋಲಾರ್ ಹಾಕಿಸಿದ್ದಾರೆ. ಸಂಜೆ ಏಳಕ್ಕೆ ಲೈನ್ ಹೋಯಿತು. ಎಂಟೂವರೆಗೆ ಇನ್ವರ್ಟರ್ ಕೂಗಿಕೊಂಡು ನಿಂತಿತು. ಅಕ್ಕ ಏನೂ ಮಾತಾಡದೆ ಚಿಮಣಿ ಹಚ್ಚಿದಳು. ಟಾರ್ಚ್ ಹಿಡಿದು ನೋಡಿದರೆ ಮೂಲೆಯಲ್ಲಿ ನಾಲ್ಕು ದೊಡ್ಡ ಬ್ಯಾಟರಿಗಳು, ಟರ್ಮಿನಲ್ಲಿನ ಮೇಲೆ ಬಿಳಿ ಹುಡಿ. ಹೊಟ್ಟೆ ಉರಿಯಿತು.

ಮಾರಲು ಬಂದವರು ಕರೆಂಟ್ ಬಿಲ್ಲನ್ನೇ ಕೇಳಿರಲಿಲ್ಲವಂತೆ. ‘ಮೂರು ದಿನ ಮಳೆ ಹಿಡಿದರೂ ಚಿಂತೆಯಿಲ್ಲ’ ಎಂದು ನಾಲ್ಕು ಬ್ಯಾಟರಿಗೆ ಒಂದೇ ಕಿಲೋವ್ಯಾಟ್ ಪ್ಯಾನೆಲ್ ಜೋಡಿಸಿ ಹೋಗಿದ್ದಾರೆ. ನಾನು ಬಿಲ್ ತರಿಸಿ ನೋಡಿದೆ: ತಿಂಗಳಿಗೆ 90 ಯೂನಿಟ್, ಎಂದರೆ ದಿನಕ್ಕೆ ಮೂರು. ಲೈನ್ ಹೋದ ರಾತ್ರಿ ಬೇಕಾಗುವುದು ಆರು ದೀಪ, ಎರಡು ಫ್ಯಾನು, ಸ್ವಲ್ಪ ಹೊತ್ತು ಟಿವಿ. ಎಲ್ಲ ಸೇರಿ ಎರಡು ಯೂನಿಟ್ ದಾಟುವುದಿಲ್ಲ. 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್, ಆಸಿಡ್ ಬ್ಯಾಟರಿಯ ಆಯುಷ್ಯ ಉಳಿಯಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಹಾಗೆ ಲೆಕ್ಕ ಹಾಕಿದರೂ ಎರಡು ಬ್ಯಾಟರಿ ಹೆಚ್ಚುಕಡಿಮೆ ಸಾಕಿತ್ತು. ಉಳಿದ ಹಣವನ್ನು ಪ್ಯಾನೆಲ್ಲಿಗೆ ಹಾಕಿದ್ದರೆ ಮೋಡದ ದಿನವೂ ಒಂದಿಷ್ಟು ತುಂಬುತ್ತಿತ್ತು.

ಘಟ್ಟದ ಮಳೆಗೆ ಮರ ಬಿದ್ದು ಎರಡು ಮೂರು ದಿನ ಲೈನ್ ಇಲ್ಲದಿದ್ದರೆ ದೊಡ್ಡ ಬ್ಯಾಟರಿ ಬೇಡವೇ ಎಂದು ಕೇಳುವವರಿದ್ದಾರೆ. ಬ್ಯಾಟರಿ ಕರೆಂಟ್ ಹುಟ್ಟಿಸುವುದಿಲ್ಲ, ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ, ಅಷ್ಟೇ. ಬಿಸಿಲಿನ ದಿನ ಸುಮಾರು ನಾಲ್ಕು ಯೂನಿಟ್ ಕೊಡುವ ಒಂದು ಕಿಲೋವ್ಯಾಟ್ ಪ್ಯಾನೆಲ್, ಆಷಾಢದಲ್ಲಿ ಒಂದು ಯೂನಿಟ್ಟೂ ಕೊಡದ ದಿನಗಳಿವೆ. ಸಾಲದ್ದಕ್ಕೆ ಮೂರು ಗಂಟೆಗೇ ಅಡಿಕೆ ಸೋಗೆಯ ನೆರಳು ಪ್ಯಾನೆಲ್ಲಿನ ಮೇಲೆ ಬೀಳುತ್ತದೆ. ಒಂದರ ಮೇಲೆ ಬಿದ್ದರೂ ಸಾಲಿನಲ್ಲಿ ಜೋಡಿಸಿದ ಉಳಿದವೂ ಕುಗ್ಗುತ್ತವೆ. ಹೀಗೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಆಸಿಡ್ ಬ್ಯಾಟರಿಯ ಪ್ಲೇಟುಗಳಿಗೆ ಸಲ್ಫೇಟ್ ಎಂಬ ಗಟ್ಟಿ ಪದರ ಕಟ್ಟುತ್ತದೆ, ಆಮೇಲೆ ಬೇಸಿಗೆಯ ಬಿಸಿಲು ಬಂದರೂ ಅವು ಪೂರ್ತಿ ತುಂಬುವುದಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಎಂಟು ವರ್ಷದ ಹಿಂದೆ ಅಪ್ಪನ ಪಿಂಚಣಿ ಹಣದಲ್ಲಿ ತಂದ ಬ್ಯಾಟರಿಗಳು ಎರಡೇ ಮಳೆಗಾಲಕ್ಕೆ ಹೋದವು. ತಪ್ಪದೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದೆ, ಆದರೆ ಪೂರ್ತಿ ಚಾರ್ಜ್ ಆಗಲು ಒಂದು ದಿನವೂ ಬಿಡಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಆ ಸಂಕಟ ಇಂದಿಗೂ ಇದೆ.

ಗ್ರಿಡ್ಡಿಗೆ, ಎಂದರೆ ಕಂಬದ ಲೈನಿಗೆ, ಜೋಡಿಸುವ ಸೋಲಾರ್ ಮಾದರಿಗೆ 2024ರಿಂದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಅದು ಒಳ್ಳೆಯದೇ. ಆದರೆ ಬ್ಯಾಟರಿಯಿಲ್ಲದ ಆ ವ್ಯವಸ್ಥೆ ಲೈನ್ ಹೋದೊಡನೆ, ಕಂಬದ ಮೇಲಿರುವ ಲೈನ್‌ಮನ್‌ನ ಜೀವರಕ್ಷಣೆಗಾಗಿ, ತಾನೂ ನಿಲ್ಲುತ್ತದೆ ಎಂಬುದನ್ನು ಮಾರುವವರು ಮೊದಲೇ ಹೇಳಬೇಕು.

ಇಂದು ಬೆಳಿಗ್ಗೆ ಎಲೆಕ್ಟ್ರಿಷಿಯನ್ ಕರೆಸಿ ಪಂಪನ್ನು ಇನ್ವರ್ಟರ್‌ನಿಂದ ಬಿಡಿಸಿದೆವು. ಲೈನ್ ಬಂದ ಕೂಡಲೇ ಬ್ಯಾಟರಿ ತುಂಬಿಕೊಳ್ಳುವಂತೆ ಸೆಟ್ಟಿಂಗ್ ಬದಲಿಸಿದೆವು. ಮಳೆ ಮುಗಿದ ಮೇಲೆ ಮತ್ತೆ ಬಿಸಿಲಿಗೇ ಮೊದಲ ಸ್ಥಾನ. ಇಸ್ತ್ರಿ, ವಾಷಿಂಗ್ ಮಷಿನ್ ಎಲ್ಲ ಹನ್ನೊಂದರಿಂದ ಎರಡರ ಒಳಗೆ ಎಂದು ಅಕ್ಕ ಒಪ್ಪಿದ್ದಾಳೆ. ನಾಲ್ಕರಲ್ಲಿ ಎರಡು ಬ್ಯಾಟರಿ ಉಳಿಯಬಹುದು, ಇನ್ನೆರಡು ಗುಜರಿಗೆ. ಅವುಗಳ ಸಾಲದ ಹತ್ತು ಕಂತು ಇನ್ನೂ ಬಾಕಿ ಇದೆ.